ಹ್ಯಾವರ್ಲಿಯ ಓಟು, ನ್ಗಾರಾದ ಪ್ರಚಾರ

ತಂಗಿ ಅನಘಾ ಇಂಗ್ಲೆಂಡಿನಲ್ಲಿ ಚುನಾವಣೆಗೆ ನಿಂತಿದ್ದಾಳೆಂಬ ಸುದ್ದಿಯನ್ನು ಬದರೀನಾಥ ಯಾರಿಗೂ ಹೇಳುವಂತಿರಲಿಲ್ಲ. ಹೇಳಬೇಡವೆಂದು ಅವಳೇ ಒಂದೇ ಫೋನಿನಲ್ಲಿ ಎರಡು ಸಲ ಹೇಳಿದ್ದಳು.

"ಬರೀ ಹೆಸರಿಗೆ ನಿಂತಿರೋದು ಅಣ್ಣ. ಈ ಕಾಪ್ಸ್ ಹಿಲ್ ವಾರ್ಡಲ್ಲಿ ನಮ್ಮ ಪಾರ್ಟಿ ಹುಟ್ಟಿದಾಗಿಂದ ಗೆದ್ದಿಲ್ಲ. ಫಾರಂ ತುಂಬೋಕೆ ಯಾರಾದ್ರೂ ಬೇಕಿತ್ತು, ನನ್ನ ಹೆಸರು ಹಾಕ್ಕೊಳ್ಳಿ ಅಂದೆ. ಮೇ ಕೊನೇಲಿ ಜಪಾನಿಗೆ ಟಿಕೆಟ್ ಬೇರೆ ಬುಕ್ ಮಾಡಿದೀನಿ. ಗೆದ್ರೆ ಕಷ್ಟ. ಯಾರಿಗೂ ಹೇಳ್ಬೇಡ."

"ಛೆ, ನಾನ್ಯಾಕೆ ಹೇಳ್ಲಿ" ಎಂದು ಬದರೀನಾಥ ಫೋನಿಟ್ಟ. ಇಟ್ಟವನೇ ಅಡುಗೆಮನೆಗೆ ಹೋಗಿ ಹೆಂಡತಿ ರುಕ್ಮಿಣಿಗೆ ಹೇಳಿದ. ಸಂಜೆಯ ಹೊತ್ತಿಗೆ ನೈರೋಬಿಯ ಸೌತ್ ಸಿ ಎಸ್ಟೇಟಿನ ನಾಲ್ಕು ಕನ್ನಡ ಮನೆಗಳಿಗೂ ಗೇಟು ಕಾಯುವ ಅಸ್ಕಾರಿಗೂ ಗೊತ್ತಾಯಿತು. ಮರುದಿನ ಮೊಂಬಾಸಾ ರಸ್ತೆಯ ಔಷಧ ಕಾರ್ಖಾನೆಯಲ್ಲಿ, ಅವನು ಪ್ರೊಡಕ್ಷನ್ ಮ್ಯಾನೇಜರಾಗಿ ಹದಿನಾಲ್ಕು ವರ್ಷ ಸವೆಸಿದ ಜಾಗದಲ್ಲಿ, ಕೆಮ್ಮಿನ ಸಿರಪ್ಪಿನ ಸಾಲಿನಿಂದ ಮಾತ್ರೆಯ ಸಾಲಿನವರೆಗೆ ಎಲ್ಲರಿಗೂ ತಿಳಿಯಿತು.

"ಸೋಲೋದಕ್ಕೇ ನಿಂತಿದ್ದಾರಾ?" ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್ ವಂಜಿಕು ನಂಬಲಿಲ್ಲ. "ನಮ್ಮಲ್ಲಿ ಸೋಲ್ತೀನಿ ಅಂತ ಗೊತ್ತಿರೋನೂ ಎಣಿಕೆ ಮುಗಿಯೋ ತನಕ ಗೆಲ್ತೀನಿ ಅಂತಾನೆ ಇರ್ತಾನೆ ಸರ್. ಮುಗಿದ ಮೇಲೂ ಅಂತಾನೆ ಇರ್ತಾನೆ."

ಅದು ಬದರೀನಾಥನ ಮನಸ್ಸಿಗೆ ನಾಟಿತು. ಓದುವ ಕಾಲಕ್ಕೆ ಮೈಸೂರಿನಲ್ಲಿ ಸ್ನೇಹಿತನೊಬ್ಬನ ಕಾರ್ಪೊರೇಷನ್ ಚುನಾವಣೆಗೆ ಬೂತ್ ಏಜೆಂಟಾಗಿ ಕೂತವನು ಅವನು. ಆ ಸ್ನೇಹಿತ ಹದಿನಾರು ಓಟಿನಿಂದ ಸೋತಾಗ ಇವನು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ತನ್ನ ಮನೆಯ ಹೆಣ್ಣುಮಗಳು, ಇಪ್ಪತ್ತೆರಡು ವರ್ಷದಿಂದ ಆ ದೇಶದವರ ಸೊಂಟ ಮಂಡಿ ಸರಿಮಾಡಿಕೊಂಡು ಬಂದ ಫಿಸಿಯೋಥೆರಪಿಸ್ಟ್, ಸುಮ್ಮನೆ ಸೋಲುವುದೇ?

ಶನಿವಾರ ಬಚ್ಚಲಮನೆಯ ಬಾಗಿಲಿಗೆ ಚಿಲಕ ತರಲು ಅವನು ಭಾರತೀಯರ ಅಂಗಡಿಗಳೇ ತುಂಬಿದ ನ್ಗಾರಾ ಪೇಟೆಗೆ ಹೋದ. ಬೀಗ, ಚಿಲಕ, ತಿರುಗಣಿಗಳ ಸಗಟು ವ್ಯಾಪಾರಿ ವಾಲ್ಜಿಭಾಯಿ ಎಪ್ಪತ್ತೆಂಟು ವರ್ಷದ ಮುದುಕ. ಹುಟ್ಟಿದ್ದು, ಬೆಳೆದದ್ದು, ಮುಪ್ಪಾದದ್ದು ಎಲ್ಲ ಅದೇ ಬೀದಿಯಲ್ಲಿ. ಬದರೀನಾಥ ಚಿಲಕದ ಮಾತು ಮುಗಿಸುವ ಮೊದಲೇ ತಂಗಿಯ ಮಾತು ತೆಗೆದ. ಅವಳ ಊರು 'ಹ್ಯಾವರ್ಲಿ' ಎಂದ ಕೂಡಲೇ ಮುದುಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಹ್ಯಾವರ್ಲಿಯಲ್ಲಿ ಎಲ್ಲಿ?" ಎಂದ ಹಿಂದಿಯಲ್ಲಿ.

"ಕಾಪ್ಸ್ ಹಿಲ್ ಅಂತ ಒಂದು ವಾರ್ಡು."

"ಕೂತ್ಕೋ" ಎಂದು ಮುದುಕ ಸ್ಟೂಲು ಎಳೆದ. "ನಮ್ಮ ಮೂವರು ಅಣ್ಣಂದಿರೂ ಅಲ್ಲೇ. ಅರವತ್ತೆಂಟನೇ ಇಸವಿಯಲ್ಲಿ ಇಲ್ಲಿಂದ ಹೋದವರು. ನನ್ನ ಹೆಂಡತಿ ಕಡೆಯವರೂ ಅಲ್ಲೇ. ಈ ಬೀದಿಯ ಅರ್ಧ ಅಲ್ಲೇ ಇದೆ ಬದರಿ! ನಾವು ಉಳಿದವರು, ಅವರು ಹೋದವರು, ಅಷ್ಟೇ ವ್ಯತ್ಯಾಸ."

ಬದರೀನಾಥ ಜೇಬಿನಿಂದ ಪೆನ್ನು ತೆಗೆದ. "ಒಟ್ಟು ಎಷ್ಟು ಓಟು?"

ವಾಲ್ಜಿಭಾಯಿ ಬೆರಳಿನ ಗೆಣ್ಣು ಎಣಿಸಿದ. ಒಂದು ಕೈ ಮುಗಿದು ಇನ್ನೊಂದು ಕೈ, ಮತ್ತೆ ಮೊದಲಿನ ಕೈ. "ನಲವತ್ತೊಂದು. ಒಬ್ಬ ಸೊಸೆ ಯಾರ ಮಾತೂ ಕೇಳಲ್ಲ. ನಲವತ್ತು ಅಂತ ಬರ್ಕೋ."

ಬದರೀನಾಥ ಬರೆದುಕೊಂಡ. ಹೀಗೆ ಪ್ರಚಾರ ಶುರುವಾಯಿತು.

ಆಮೇಲಿನ ಐದು ಶನಿವಾರ ಅವನು ನ್ಗಾರಾದ ಅಂಗಡಿ ಅಂಗಡಿ ಹತ್ತಿ ಇಳಿದ. ಬಟ್ಟೆ ಅಂಗಡಿ, ಮಸಾಲೆ ಅಂಗಡಿ, ಸ್ಟೀಲು ಪಾತ್ರೆಯ ಅಂಗಡಿ, ಎಲ್ಲ ಕಡೆಯೂ ಅದೇ ಪ್ರಶ್ನೆ: ಹ್ಯಾವರ್ಲಿಯಲ್ಲಿ ನಿಮ್ಮವರು ಯಾರಾದರೂ ಇದ್ದಾರಾ? ಇಲ್ಲದ ಅಂಗಡಿ ಸಿಕ್ಕಿದ್ದು ಅಪರೂಪ. ಒಬ್ಬನ ಅತ್ತಿಗೆ, ಇನ್ನೊಬ್ಬನ ಷಡ್ಡಕ, ಮತ್ತೊಬ್ಬನ ಹಳೆ ಪಾಲುದಾರ. ಅವರು ಚಹಾ ಕೊಟ್ಟರು, ಅಲ್ಲೇ ಫೋನು ಮಾಡಿ ಕೈಗೂ ಕೊಟ್ಟರು. ಬದರೀನಾಥ ನೈರೋಬಿಯ ಮಟಾಟು ಮಿನಿಬಸ್ಸುಗಳ ಹಾರನ್ನಿನ ನಡುವೆ ಒಂದು ಕಿವಿ ಮುಚ್ಚಿಕೊಂಡು ಇಂಗ್ಲೆಂಡಿನ ಅಜ್ಜಿಯರಿಗೆ ನಮಸ್ಕಾರ ಹೇಳಿದ.

ಯಾರೂ ಸುಮ್ಮನೆ ಓಟು ಕೊಡುವವರಲ್ಲ. ಕಸದ ಬಂಡಿ ಈಗ ಮೂರು ವಾರಕ್ಕೊಮ್ಮೆ ಬರುತ್ತದೆ, ಎರಡು ವಾರಕ್ಕೆ ಬರಬೇಕು ಎಂದರು ಬಹಳ ಜನ. "ಆಯ್ತು" ಎಂದ ಬದರೀನಾಥ. ಬಟ್ಟೆ ಅಂಗಡಿಯವನ ಅತ್ತಿಗೆ, ಮನೆ ಮುಂದಿನ ಮರದ ಎಲೆಯೆಲ್ಲ ತನ್ನ ಅಂಗಳಕ್ಕೇ ಬೀಳುತ್ತದೆ, ಕಡಿಸಬೇಕು ಎಂದಳು. "ಖಂಡಿತ" ಎಂದ. ಮಸಾಲೆ ಅಂಗಡಿಯವನ ಷಡ್ಡಕ, ತನ್ನ ಬೀದಿಯಲ್ಲಿ ಇರುವುದೊಂದೇ ಮರ, ಅದನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಬೇಕು ಎಂದ. ಅವನಿಗೂ ಖಂಡಿತ ಎಂದ. ಎರಡೂ ಒಂದೇ ಮರ ಎಂದು ಅವನಿಗೆ ಹೇಗೆ ತಿಳಿಯಬೇಕು?

"ಊರ ಉಸಾಬರಿ ಸಾಲ್ದು ಅಂತ ಈಗ ಪರದೇಶದ ಉಸಾಬರಿ" ಎಂದಳು ರುಕ್ಮಿಣಿ. "ರೀ, ಆ ಹುಡುಗಿ ಗೆಲ್ಲಬಾರ್ದು ಅಂತಿದಾಳೆ. ನಿಮಗೆ ಅರ್ಥ ಆಗಲ್ವಾ?"

"ಗೆಲ್ಲಬಾರ್ದು ಅಂತ ಯಾರಾದ್ರೂ ಅಂತಾರೇನೇ? ಸಂಕೋಚ ಅವಳಿಗೆ."

ಏಪ್ರಿಲ್ ಕೊನೆಯಲ್ಲಿ ಅನಘಾ ಫೋನು ಮಾಡಿದಳು. ಅವಳ ದನಿ ಯಾಕೋ ಸರಿಯಿರಲಿಲ್ಲ.

"ಅಣ್ಣಾ, ಇವತ್ತು ಸುಮ್ಮನೆ ಒಂದು ಬೀದಿಗೆ ಪಾಂಪ್ಲೆಟ್ ಹಾಕೋಣ ಅಂತ ಹೋದೆ. ಒಬ್ಬರು ಅಜ್ಜಿ ಬಾಗಿಲು ತೆಗೆದು, ನೀನು ಬದರಿ ತಂಗಿ ಅಲ್ವಾ, ಬಾ ಒಳಗೆ ಅಂತ ಕರೆದು ತಿಂಡಿ ಕೊಟ್ರು. ಮುಂದಿನ ಮನೇಲೂ ಹಾಗೇ. ಮೂರನೇ ಮನೇಲಿ ಮರ ಯಾವಾಗ ಕಡಿಸ್ತೀಯಾ ಅಂದ್ರು. ಏನು ಮಾಡ್ತಾ ಇದೀಯಾ ನೀನು?"

"ನಾನೇನು ಮಾಡ್ಲಿ ಇಲ್ಲಿಂದ" ಎಂದ ಬದರೀನಾಥ, ಗೋಡೆಯ ಕಡೆ ಮುಖ ತಿರುಗಿಸಿ.

ಮೇ ತಿಂಗಳ ಗುರುವಾರ ಮತದಾನ ಆಯಿತು. ಶುಕ್ರವಾರ ಎಣಿಕೆ. ನೈರೋಬಿಯಲ್ಲಿ ಮಧ್ಯಾಹ್ನ ಮೂರೂವರೆ ಆಗಿದ್ದಾಗ ಕಾರ್ಖಾನೆಗೆ ಫೋನು ಬಂತು. ಅನಘಾ ಅಳುತ್ತಿದ್ದಳು.

"ಹೋಗ್ಲಿ ಬಿಡು ಪುಟ್ಟಾ" ಎಂದ ಬದರೀನಾಥ. "ಮುಂದಿನ ಸಲ ನೋಡೋಣ."

"ಗೆದ್ದಿದೀನಿ ಅಣ್ಣಾ! ಹನ್ನೊಂದು ಓಟಿಂದ ಗೆದ್ದುಬಿಟ್ಟಿದೀನಿ! ಜಪಾನ್ ಹೋಯ್ತು!"

ಬದರೀನಾಥ ಪ್ಯಾಕಿಂಗ್ ಹಾಲಿಗೆ ಓಡಿ ಕೂಗಿದ. ವಂಜಿಕು ಮಷೀನು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದಳು. ಆ ಹನ್ನೊಂದು ಓಟಿನ ತೂಕ ಎಷ್ಟೆಂದು ಸಂಜೆ ಗೊತ್ತಾಯಿತು. ಹ್ಯಾವರ್ಲಿ ನಗರಸಭೆಯಲ್ಲಿ ಐವತ್ತೇಳು ಸ್ಥಾನ. ಹದಿನೆಂಟು ವರ್ಷದಿಂದ ಅಲ್ಲಿ ಆಳುತ್ತಿದ್ದದ್ದು ನೀಲಿ ಪಕ್ಷ. ಈ ಸಲ ನೀಲಿಗೆ ಇಪ್ಪತ್ತೆಂಟು, ಅನಘಾಳ ಕೆಂಪು ಪಕ್ಷಕ್ಕೆ ಇಪ್ಪತ್ತೊಂಬತ್ತು. ಅಂದರೆ ಹದಿನೆಂಟು ವರ್ಷದ ರಾಜ್ಯಭಾರ ಉರುಳಿದ್ದು ಒಂದು ಸ್ಥಾನದಿಂದ, ಆ ಒಂದು ಸ್ಥಾನ ಉರುಳಿದ್ದು ನ್ಗಾರಾದ ಚಿಲಕದಂಗಡಿಯಿಂದ. ಹಾಗೆಂದು ವಾಲ್ಜಿಭಾಯಿ ಬೀದಿಗೆಲ್ಲ ಪೇಡೆ ಹಂಚಿದ.

ಬದರೀನಾಥ ಕೊಟ್ಟ ಮಾತುಗಳ ಪಟ್ಟಿಯನ್ನು ನೀಟಾಗಿ ಟೈಪು ಮಾಡಿ ತಂಗಿಗೆ ಕಳಿಸಿದ. ಇಪ್ಪತ್ಮೂರು ಇದ್ದವು. ಅವಳು ಒಂದು ವಾರ ಫೋನು ಎತ್ತಲಿಲ್ಲ. ಎತ್ತಿದ ದಿನ, "ನಾಲ್ಕನೇದೂ ಒಂಬತ್ತನೇದೂ ಒಂದೇ ಮರ ಅಣ್ಣ" ಎಂದಷ್ಟೇ ಹೇಳಿದಳು. ಆಮೇಲೆ, "ಶನಿವಾರ ಫೋನ್ ಮಾಡ್ಬೇಡ. ನನ್ನ ಸರ್ಜರಿ ಇದೆ" ಎಂದು ಇಟ್ಟುಬಿಟ್ಟಳು.

ಬದರೀನಾಥ ಅಡುಗೆಮನೆಗೆ ಓಡಿದ. "ಅನಘಂಗೆ ಆಪರೇಷನ್ ಅಂತೆ ಕಣೇ!"

"ಅಯ್ಯೋ! ಯಾವ ಪಾರ್ಟಿಯೋರು ಮಾಡ್ತಿರೋದು?" ಎಂದಳು ರುಕ್ಮಿಣಿ. ಕರ್ನಾಟಕದ ಟಿವಿ ಸುದ್ದಿಯನ್ನು ಬಿಡದೆ ನೋಡುವವಳಿಗೆ ಆಪರೇಷನ್ ಎಂದರೆ ಶಾಸಕರನ್ನು ಎಳೆದುಕೊಳ್ಳುವುದು ಎಂದೇ ಅರ್ಥ. ದೇಹದ್ದು ಎಂದು ಗಂಡ ಬಿಡಿಸಿ ಹೇಳಿದ ಮೇಲೆ ರಾಯರಿಗೆ ಹರಕೆ ಹೊತ್ತಳು. ಶನಿವಾರವಿಡೀ ಇಬ್ಬರೂ ಫೋನಿನ ಮುಂದೆ ಕೂತರು. ಆಮೇಲೆ ತಿಳಿಯಿತು: ಅಲ್ಲಿನ ಕೌನ್ಸಿಲರುಗಳು ವಾರಕ್ಕೊಮ್ಮೆ ಕೂತು ಜನರ ದೂರು ಕೇಳುವುದಕ್ಕೇ ಸರ್ಜರಿ ಎನ್ನುತ್ತಾರೆ. ಹರಕೆ ಹರಕೆಯೇ, ತೀರಿಸಲೇಬೇಕು ಎಂದಳು ರುಕ್ಮಿಣಿ.

ಬೇಸಗೆ ಕಳೆಯುವ ಹೊತ್ತಿಗೆ ಅಲ್ಲಿ ಗಾಳಿ ತಿರುಗಿತು. ಕಾಪ್ಸ್ ಹಿಲ್‌ನಲ್ಲಿ ಒಂದು ಸಣ್ಣ ಗ್ರಂಥಾಲಯ ಇತ್ತು. ಅದನ್ನು ಮುಚ್ಚಬೇಕೆಂದು ಮೊದಲು ಯೋಜನೆ ಹಾಕಿದ್ದು ನೀಲಿ ಪಕ್ಷ. ಮುಚ್ಚಬಾರದೆಂದು ಬ್ಯಾನರು ಹಿಡಿದು ನಿಂತಿದ್ದು ಕೆಂಪು ಪಕ್ಷ. ಈಗ ಕುರ್ಚಿ ಬದಲಾದ ಮೇಲೆ ಕೆಂಪು ಪಕ್ಷಕ್ಕೆ ಬೊಕ್ಕಸ ಬರಿದಾಗಿರುವುದು ಕಂಡಿತು. ಅದೇ ಹಳೆ ಯೋಜನೆಯನ್ನು ಹೊಸ ರಟ್ಟು ಹಾಕಿ ಸಭೆಗೆ ತಂದಿತು. ನೀಲಿ ಪಕ್ಷಕ್ಕೆ ಕೂಡಲೇ ಪುಸ್ತಕದ ಮೇಲೆ ಪ್ರೀತಿ ಉಕ್ಕಿ ಅದು ವಿರೋಧಿಸಿತು. ಅನಘಾ ಮಾತ್ರ, ನಾನು ಮುಚ್ಚೋದಕ್ಕೆ ಕೈ ಎತ್ತಲ್ಲ ಎಂದು ಪಕ್ಷದ ಸಭೆಯಲ್ಲಿ ಹೇಳಿ ಮನೆಗೆ ಬಂದಳು.

ಮರುದಿನ ಬೆಳಿಗ್ಗೆ ಬದರೀನಾಥನ ಮೊಬೈಲಿಗೆ ಇಂಗ್ಲೆಂಡಿನಿಂದ ಕರೆ ಬಂತು. ಹ್ಯಾವರ್ಲಿ ನಗರಸಭೆಯ ನಾಯಕ, ಕೆಂಪು ಪಕ್ಷದ ಕ್ಲೈವ್ ಡಾಬ್ಸನ್.

"ಮಿಸ್ಟರ್ ಬದರೀನಾಥ್, ನಿಮ್ಮ ಹೆಸರನ್ನ ಪ್ರಚಾರದಲ್ಲಿ ಮನೆ ಮನೆಯಲ್ಲೂ ಕೇಳಿದೆ" ಎಂದ ಆತ ಬಹಳ ವಿನಯದಿಂದ. "ನೈರೋಬಿಯಿಂದ ಹೇಳಿದಾರೆ, ಅದಕ್ಕೇ ಓಟು ಹಾಕ್ತೀವಿ ಅಂತಿದ್ರು ಜನ. ನಿಮ್ಮ ತಂಗಿ ನಿಮ್ಮ ಮಾತು ಮೀರಲ್ಲ ಅಂತ ಕಾಣುತ್ತೆ. ದಯವಿಟ್ಟು ಒಂದು ಮಾತು ಹೇಳಬೇಕು. ಬರೋ ಬುಧವಾರ ಮತದಾನ. ಅವರೊಬ್ಬರು ಕೈಕೊಟ್ರೆ ನಮ್ಮ ಬಹುಮತ ಹೋಯ್ತು."

ಬದರೀನಾಥ ನಿಂತಲ್ಲೇ ಒಂದು ಗೇಣು ಎತ್ತರವಾದ. ಇಂಗ್ಲೆಂಡಿನ ಒಂದು ಸರಕಾರ, ನಗರಸಭೆಯೇ ಇರಲಿ, ಸರಕಾರವೇ, ಸೌತ್ ಸಿಯ ಎರಡನೇ ಮಹಡಿಗೆ ಫೋನು ಮಾಡಿ ಕೈಮುಗಿಯುತ್ತಿದೆ! "ನನಗೆ ಬಿಡಿ" ಎಂದ. "ಡೋಂಟ್ ವರಿ."

ಕಾರ್ಖಾನೆಯಲ್ಲಿ ವಂಜಿಕುವಿಗೆ ಹೇಳಿದಾಗ ಅವಳು ನಕ್ಕಳು. "ನಮ್ಮ ವಾರ್ಡಿನವನು ಮೂರು ಸಲ ಪಕ್ಷ ಬದಲಾಯಿಸಿದ. ಪ್ರತಿ ಸಲವೂ ಕಾರು ದೊಡ್ಡದಾಯ್ತು. ನಿಮ್ಮ ತಂಗಿಗೆ ಇದರಿಂದ ಏನು ಸಿಗುತ್ತೆ ಸರ್?"

"ಏನೂ ಇಲ್ಲ. ಇರೋದೂ ಹೋಗುತ್ತೆ."

"ಹಾಗಾದ್ರೆ ಅವರು ಬಿಡೋದಿಲ್ಲ" ಎಂದಳು ವಂಜಿಕು, ಗಂಭೀರವಾಗಿ. "ಏನೂ ಸಿಗದೆ ಹಟ ಹಿಡಿದವರನ್ನ ಬಗ್ಗಿಸೋದು ಕಷ್ಟ."

ಬದರೀನಾಥ ಮನೆಗೆ ಬಂದು, ಕಾಫಿ ಕುಡಿದು, ಸೋಫಾದಲ್ಲಿ ನೆಟ್ಟಗೆ ಕೂತು ತಂಗಿಗೆ ಫೋನು ಮಾಡಿದ.

"ನೋಡು ಪುಟ್ಟಾ, ಹಾವೂ ಸಾಯಬಾರ್ದು ಕೋಲೂ ಮುರೀಬಾರ್ದು. ಬುಧವಾರ ನೀನು ಅಲ್ಲಿ ಇರಲೇಬೇಡ. ನಾಳೆ ಫ್ಲೈಟ್ ಹತ್ತು. ನೈವಾಶಾದಲ್ಲಿ ಸರೋವರದ ಪಕ್ಕ ಒಳ್ಳೊಳ್ಳೆ ರೆಸಾರ್ಟ್ ಇದೆ. ನಾನು, ನಿಮ್ಮತ್ತಿಗೆ, ನೀನು, ಮೂರು ದಿನ ಇದ್ದು ಬರೋಣ. ಫೋನ್ ಆಫ್."

"ರೆಸಾರ್ಟಾ?" ಅನಘಾಳಿಗೆ ನಗು ಬಂತು. ಆಮೇಲೆ ನಗು ನಿಂತಿತು. "ಕ್ಲೈವ್ ಫೋನ್ ಮಾಡಿದ್ನಾ?"

"ಪಾಪ, ಒಳ್ಳೆ ಮನುಷ್ಯ."

"ಅಣ್ಣ, ಓಟು ಕೇಳುವಾಗ ಇಪ್ಪತ್ಮೂರು ಮಾತು ಕೊಟ್ಟೆ. ನಾನು ಯಾವ ಮಾತು ಕೊಡ್ತೀನಿ ಅಂತ ಒಂದು ಸಲ ನನ್ನ ಕೇಳಿದ್ಯಾ?"

ಬದರೀನಾಥ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ.

"ನಾನು ಇಲ್ಲಿಗೆ ಬಂದ ಮೊದಲ ವರ್ಷ ನಿನಗೇನು ಹೇಳಿದ್ದೆ?"

"ಬಂದ ತಕ್ಷಣ ಆಸ್ಪತ್ರೇಲಿ ಕೆಲಸ ಸಿಕ್ತು ಅಂದಿದ್ದೆ. ನಾನು ಸ್ವೀಟ್ ಹಂಚಿದೀನಲ್ಲ."

"ಸಿಕ್ಕಿರ್ಲಿಲ್ಲ. ರಿಜಿಸ್ಟ್ರೇಷನ್ ಆಗೋಕೆ ಐದು ತಿಂಗಳು ಹಿಡೀತು. ನವೆಂಬರಿಂದ ಮಾರ್ಚ್. ರೂಮಲ್ಲಿ ಹೀಟರ್ ಹಾಕಿದ್ರೆ ಓನರ್ ಬಯ್ಯೋಳು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಆ ಲೈಬ್ರರಿಗೆ ಹೋಗಿ ಮುಚ್ಚೋ ತನಕ ಕೂತಿರ್ತಿದ್ದೆ. ಅಲ್ಲೇ ಓದಿದೆ, ಅಲ್ಲೇ ಅಪ್ಲಿಕೇಷನ್ ಹಾಕಿದೆ. ಕೌಂಟರಲ್ಲಿದ್ದ ಹೆಂಗಸು ಒಂದು ದಿನಾನೂ ಯಾಕೆ ಕೂತಿದೀಯಾ ಅಂತ ಕೇಳ್ಲಿಲ್ಲ. ಒಂದು ದಿನ ಅವಳ ಸೂಪ್ ನನಗೂ ಅರ್ಧ ಹಾಕಿಕೊಟ್ಲು."

ಬದರೀನಾಥ ಫೋನಿನ ಹತ್ತಿರಕ್ಕೆ ಬಗ್ಗಿದ. "ಯಾಕೆ ಹೇಳ್ಲಿಲ್ಲ ನಂಗೆ?"

"ಹೇಳಿದ್ರೆ ಮರುದಿನ ವಾಪಸ್ ಟಿಕೆಟ್ ಕಳಿಸ್ತಿದ್ದೆ."

ನಿಜ. ಕಳಿಸುತ್ತಿದ್ದ. ತಂಗಿಯ ಒಳ್ಳೆಯದಕ್ಕೇ ಎಂದು ಕಳಿಸುತ್ತಿದ್ದ, ಅವಳು ಬಂದು ಮೈಸೂರಿನಲ್ಲಿ ಕೂತಿರುತ್ತಿದ್ದಳು. ರುಕ್ಮಿಣಿ ಬಾಗಿಲಲ್ಲಿ ನಿಂತು ಸ್ಪೀಕರಿನ ಮಾತೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳು ಬಂದು ಗಂಡನ ಪಕ್ಕ ಕೂತಳು.

"ಸರಿ" ಎಂದ ಕೊನೆಗೆ. "ನಿಂಗೆ ತೋಚಿದ ಹಾಗೆ ಮಾಡು."

"ಏನಂದೆ?"

"ಕೇಳಿಸ್ತಲ್ಲ. ಇನ್ನೊಂದು ಸಲ ಹೇಳಿಸ್ಬೇಡ."

ಸೋಮವಾರ ಡಾಬ್ಸನ್ ಮತ್ತೆ ಕರೆದ. ಬದರೀನಾಥ ಪ್ಯಾಕಿಂಗ್ ಹಾಲಿನ ಹೊರಗೆ ನಿಂತು ಮಾತಾಡಿದ. "ಮಿಸ್ಟರ್ ಡಾಬ್ಸನ್, ಅವಳು ನನ್ನ ಮಾತು ಕೇಳ್ತಾಳೆ ಅನ್ನೋ ನಂಬಿಕೆ ನನಗೂ ಇತ್ತು. ತಪ್ಪು ಮಾಹಿತಿ. ನನ್ನ ಮಾತು ಇಲ್ಲಿ ಕೆಮ್ಮಿನ ಸಿರಪ್ ಬಾಟಲಿ ಬಿಟ್ರೆ ಯಾರೂ ಕೇಳಲ್ಲ." ಡಾಬ್ಸನ್ ಒಳ್ಳೆಯ ದಿನವಾಗಲಿ ಎಂದು ಹಾರೈಸಿ ಇಟ್ಟ.

ಬುಧವಾರದ್ದು ವಿಶೇಷ ಸಭೆ, ಅಲ್ಲಿ ಮಧ್ಯಾಹ್ನ ಎರಡಕ್ಕೆ, ನೈರೋಬಿಯಲ್ಲಿ ನಾಲ್ಕಕ್ಕೆ. ಸಭೆಯನ್ನು ಇಂಟರ್‌ನೆಟ್ಟಿನಲ್ಲಿ ನೇರವಾಗಿ ತೋರಿಸುತ್ತಿದ್ದರು. ಬದರೀನಾಥ ಅರ್ಧ ದಿನ ರಜೆ ಹಾಕಿ ರುಕ್ಮಿಣಿಯನ್ನೂ ಕರೆದುಕೊಂಡು ನ್ಗಾರಾಕ್ಕೆ ಹೋದ. ವಾಲ್ಜಿಭಾಯಿ ತಿರುಗಣಿಯ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿ ಮೇಲೆ ಲ್ಯಾಪ್‌ಟಾಪ್ ಇಡಿಸಿದ್ದ. ಬೀದಿಯ ಹದಿನೈದು ಇಪ್ಪತ್ತು ಜನ ಸೇರಿದ್ದರು. ಮುದುಕನ ದೊಡ್ಡಣ್ಣ, ತೊಂಬತ್ತರ ಹತ್ತಿರದವನು, ದಿನಾ ಪತ್ರಿಕೆ ಓದಲು ಹೋಗುತ್ತಿದ್ದದ್ದು ಅದೇ ಗ್ರಂಥಾಲಯಕ್ಕೆ. ಆದ್ದರಿಂದ ಈ ಅಂಗಡಿಯಲ್ಲಿ ಎಲ್ಲರೂ ಒಂದೇ ಪಕ್ಷ.

ಇಂಗ್ಲಿಷರ ಭಾಷಣ ಒಂದು ಗಂಟೆ ನಡೆಯಿತು. ಯಾರೂ ಕೂಗಾಡಲಿಲ್ಲ, ಮೈಕು ಕೀಳಲಿಲ್ಲ, ಕಾಗದ ಹರಿಯಲಿಲ್ಲ. "ಇದೇನು ಸಭೆಯೋ ಶ್ರಾದ್ಧವೋ" ಎಂದಳು ರುಕ್ಮಿಣಿ ಕನ್ನಡದಲ್ಲಿ. ಆಮೇಲೆ ಅನಘಾ ಎದ್ದಳು. ನೀಲಿ ಕಾರ್ಡಿಗನ್ ಹಾಕಿದ್ದಳು, ಕೈಯಲ್ಲಿ ಚೀಟಿ ಇರಲಿಲ್ಲ. ಎರಡೇ ನಿಮಿಷ ಮಾತಾಡಿದಳು. ಐದು ತಿಂಗಳು ಚಳಿಯಲ್ಲಿ ಕೂತದ್ದನ್ನು ಹೇಳಿದಳು, ಸೂಪನ್ನೂ ಹೇಳಿದಳು. ಅಣ್ಣನ ಹೆಸರು ಎತ್ತಲಿಲ್ಲ. ಬದರೀನಾಥ ಕರವಸ್ತ್ರ ತೆಗೆದು, ಅಂಗಡಿಯಲ್ಲಿ ಧೂಳು ಜಾಸ್ತಿ ಎಂದು ವಾಲ್ಜಿಭಾಯಿಯ ಮೇಲೆ ರೇಗಿದ.

ಒಬ್ಬೊಬ್ಬರ ಹೆಸರು ಕರೆದು ಮತ ಕೇಳಿದರು. ಮುಚ್ಚಬೇಕು, ಮುಚ್ಚಬಾರದು, ಮುಚ್ಚಬೇಕು... ಬದರೀನಾಥ ಗೆಣ್ಣು ಎಣಿಸುತ್ತ ಲೆಕ್ಕ ತಪ್ಪಿದ. "ಕೌನ್ಸಿಲರ್ ರಾವ್" ಎಂದರು. "ಅಗೇನ್ಸ್ಟ್" ಎಂದಳು ಅನಘಾ. ಮುಚ್ಚುವುದಕ್ಕೆ ಇಪ್ಪತ್ತೆಂಟು, ಬೇಡವೆಂದು ಇಪ್ಪತ್ತೊಂಬತ್ತು.

ಅಂಗಡಿಯಲ್ಲಿ ಎದ್ದ ಕೂಗಿಗೆ ಹೊರಗೆ ನಿಂತಿದ್ದ ಮಟಾಟುವಿನ ಕಂಡಕ್ಟರ್ ಒಳಗೆ ಇಣುಕಿದ. "ಗೋಲಾ? ಯಾರು ಹೊಡೆದದ್ದು?"

"ರಾವ್!" ಎಂದ ವಾಲ್ಜಿಭಾಯಿ.

ಕಂಡಕ್ಟರ್ ಸ್ವಲ್ಪ ಯೋಚಿಸಿದ. "ಹೊಸ ಆಟಗಾರನಾ? ಸವಾ, ಸವಾ" ಎಂದು, ಸರಿ ಸರಿ ಎಂಬಂತೆ ಹೆಬ್ಬೆರಳು ತೋರಿಸಿ ಓಡಿದ.

ಅದೇ ಸಂಜೆ ಕೆಂಪು ಪಕ್ಷ ವಿಪ್ ಮೀರಿದ್ದಕ್ಕೆ ಅನಘಾಳನ್ನು ಹೊರಹಾಕಿತು. ಈಗ ಹ್ಯಾವರ್ಲಿಯಲ್ಲಿ ಕೆಂಪು ಇಪ್ಪತ್ತೆಂಟು, ನೀಲಿ ಇಪ್ಪತ್ತೆಂಟು, ನಡುವೆ ಅನಘಾ ಒಬ್ಬಳು. ನೀಲಿ ಪಕ್ಷದವರು ಹೂಗುಚ್ಛ ಕಳಿಸಿ ಕರೆದರು. ಅವಳು ಹೂವನ್ನು ಗ್ರಂಥಾಲಯದ ಕೌಂಟರಿಗೆ ಕೊಟ್ಟು, ಬರುವುದಿಲ್ಲ ಎಂದಳು. ಹತ್ತು ದಿನ ನಗರಸಭೆಯನ್ನು ಯಾರು ಆಳುತ್ತಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಬೀದಿದೀಪ ಮಾತ್ರ ಎಂದಿನಂತೆ ಉರಿಯಿತಂತೆ. ಕೊನೆಗೆ ಡಾಬ್ಸನ್ ತಾನೇ ಅವಳ ಮನೆಗೆ ಬಂದು ಚಹಾ ಕುಡಿದ. ಅವಳ ಷರತ್ತು ಎರಡೇ: ಗ್ರಂಥಾಲಯ ಈ ಅವಧಿಯಿಡೀ ತೆರೆದಿರಬೇಕು, ಕಸದ ಬಂಡಿ ಎರಡು ವಾರಕ್ಕೊಮ್ಮೆ ಬರಬೇಕು. ಒಪ್ಪಿದರೆ ಹೊರಗಿನಿಂದ ಬೆಂಬಲ. ಡಾಬ್ಸನ್ ಒಪ್ಪಿದ. ಪಕ್ಷಕ್ಕೆ ವಾಪಸು ಬರುತ್ತೀರಾ ಎಂದು ಕೇಳಿದ್ದಕ್ಕೆ, ಮೊದಲು ಜಪಾನಿಗೆ ಹೋಗಿ ಬರುತ್ತೇನೆ ಎಂದಳಂತೆ.

ಇದೆಲ್ಲ ಬದರೀನಾಥನಿಗೆ ಎಲ್ಲ ಮುಗಿದ ಮೇಲೆ ತಿಳಿಯಿತು. ಅವನು ಮಧ್ಯೆ ಫೋನು ಮಾಡಿ ಸಲಹೆ ಕೊಡಲಿಲ್ಲ. ಎರಡು ಸಲ ಫೋನು ಕೈಗೆತ್ತಿಕೊಂಡದ್ದನ್ನು ರುಕ್ಮಿಣಿ ನೋಡಿದಳು, ಎರಡು ಸಲವೂ ಹವಾಮಾನ ನೋಡುತ್ತಿದ್ದೆ ಎಂದ.

ಮುಂದಿನ ಸಭೆಯಲ್ಲಿ ಒಂದು ತಾಪತ್ರಯವಾಯಿತು. ಯಾವ ಪಕ್ಷಕ್ಕೂ ಸೇರದ ಅನಘಾಳಿಗೆ ಹೊಸ ಕುರ್ಚಿ ಹಾಕಿದ್ದರು, ಅದು ಒಂದು ಕಂಬದ ಹಿಂದೆ. ನ್ಗಾರಾದಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತವರಿಗೆ ಅವಳ ಮೊಣಕೈ ಬಿಟ್ಟು ಬೇರೇನೂ ಕಾಣಲಿಲ್ಲ. ಅಂಗಡಿಯಲ್ಲಿ ದೊಡ್ಡ ಗಲಾಟೆ. ಅದಾದ ವಾರಕ್ಕೆ ಕಾಪ್ಸ್ ಹಿಲ್‌ನ ಅರವತ್ತೆರಡು ಮತದಾರರು ಸಹಿ ಮಾಡಿದ ಅರ್ಜಿಯೊಂದು ನಗರಸಭೆಗೆ ಹೋಯಿತು: ನಮ್ಮ ಕೌನ್ಸಿಲರ್ ನಮಗೆ ಕಾಣಬೇಕು. ಮೊದಲ ಸಹಿ ವಾಲ್ಜಿಭಾಯಿಯ ದೊಡ್ಡಣ್ಣನದು. ಮರ ಕಡಿಸಬೇಕೆಂದವಳೂ ಬೇಡವೆಂದವನೂ ಒಂದರ ಕೆಳಗೊಂದು ಸಹಿ ಹಾಕಿದ್ದರು. ನಗರಸಭೆ ಅದನ್ನು ಉಪಸಮಿತಿಗೆ ಒಪ್ಪಿಸಿತು. ಉಪಸಮಿತಿ ಅಳತೆ ಮಾಡಿಸಿ ಕುರ್ಚಿಯನ್ನು ಎರಡು ಅಡಿ ಎಡಕ್ಕೆ ಸರಿಸಿತು.

ಆ ಅರ್ಜಿ ತಾನು ಬರೆಸಿದ್ದಲ್ಲ, ಅದರ ಸುದ್ದಿಯೇ ತನಗೆ ಗೊತ್ತಿರಲಿಲ್ಲ ಎಂದು ಬದರೀನಾಥ ರಾಯರಾಣೆ ಇಟ್ಟು ಹೇಳಿದ. ಅದು ನಿಜವೂ ಆಗಿತ್ತು. ಅನಘಾ ಮಾತ್ರ ಇವತ್ತಿಗೂ ನಂಬಿಲ್ಲ.